ಬೆರಳ ಸಂದಿಯ ಒದ್ದೆ: ಮಳೆಗಾಲದಲ್ಲಿ ನಮ್ಮ ನಾಯಿಯ ಕಾಲು ನೋಡಿಕೊಂಡ ಬಗೆ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಮೃಗಶಿರ ಮಳೆ ಹಿಡಿದ ಮೇಲೆ ನಾಯಿಗೆ ಒಣ ನೆಲ ಅಂತ ಸಿಗುವುದು ಜಗಲಿ ಒಂದೇ. ನಮ್ಮ ಗುಂಡ ಅರ್ಧ ಲ್ಯಾಬ್ರಡಾರ್, ಅರ್ಧ ಊರ ನಾಯಿ, ಬಣ್ಣ ಕೆನೆ ಬಿಳಿ. ಕಾಲು ನೆಕ್ಕುವುದು ಅತಿಯಾಗಿದೆ ಎಂದು ಗೊತ್ತಾದದ್ದೇ ಆ ಬಣ್ಣದಿಂದ. ಮುಂಗಾಲಿನ ಬೆರಳುಗಳ ನಡುವಿನ ಕೂದಲು ಕೆಂಗಂದು ಬಣ್ಣಕ್ಕೆ ತಿರುಗಿತ್ತು. ನಾಯಿಯ ಜೊಲ್ಲಿನಲ್ಲಿ ಪೋರ್ಫಿರಿನ್ ಎಂಬ ಅಂಶವಿರುತ್ತದೆ, ಅದು ಕೂದಲಿಗೆ ಹತ್ತಿ ಹೀಗೆ ಕಲೆ ಕಟ್ಟುತ್ತದೆ. ಕಲೆ ಕಂಡಿತೆಂದರೆ ನೆಕ್ಕಾಟ ಇವತ್ತು ನಿನ್ನೆಯದಲ್ಲ. ಕರಿ ನಾಯಿ ಸಾಕಿದವರಿಗೆ ಈ ಗುರುತು ಸಿಗುವುದಿಲ್ಲ, ಅವರು ಮೂಗನ್ನು ನಂಬಬೇಕು.

ಬೆರಳು ಅಗಲಿಸಿ ನೋಡಿದರೆ ಸಂದಿಯ ಚರ್ಮ ಕೆಂಪಗೆ ಜಿಡ್ಡಾಗಿತ್ತು. ಉಗುರಿನ ಬುಡದಲ್ಲಿ ಕಂದು ಕೊಳೆ, ಹತ್ತಿರ ಹೋದರೆ ಹುಳಿ ವಾಸನೆ. ಅಮ್ಮ ಕುಳಿತಲ್ಲಿಂದಲೇ ತೀರ್ಪು ಕೊಟ್ಟರು: "ಅದಕ್ಕೂ ಕೆಸರು ಹುಣ್ಣೇ ಕಣೋ. ಸ್ವಲ್ಪ ಸುಣ್ಣ ಹಚ್ಚು, ಸರಿ ಹೋಗ್ತದೆ." ಅರ್ಧ ಮಾತು ನಿಜ. ನೆಟ್ಟಿಗೆ ಗದ್ದೆಗೆ ಇಳಿದವರ ಕಾಲು ಹುಣ್ಣಾಗುವುದಕ್ಕೂ ಇದಕ್ಕೂ ಬುಡ ಒಂದೇ, ಚರ್ಮಕ್ಕೆ ಒಣಗಲು ಬಿಡುವೇ ಸಿಗದಿರುವುದು. ಸುಣ್ಣ ಮಾತ್ರ ಬೇಡವೇ ಬೇಡ. ಕೆಂಪಾದ ಚರ್ಮವನ್ನು ಅದು ಸುಡುತ್ತದೆ, ಉಳಿದದ್ದನ್ನು ನಾಯಿ ನೆಕ್ಕಿ ಬಾಯಿ ಸುಟ್ಟುಕೊಳ್ಳುತ್ತದೆ.

ಔಷಧಿಗೆ ಮೊದಲು ನಾನು ನೋಡುವುದು ಎಷ್ಟು ಕಾಲಿಗೆ ಆಗಿದೆ ಎಂದು. ಒಂದೇ ಕಾಲಾದರೆ ನಾಚಿಕೆ ಮುಳ್ಳೋ ಉಣುಗೋ ಇರಬೇಕು, ಇಲ್ಲವೇ ಉಂಬಳ (ಜಿಗಣೆ) ಕಚ್ಚಿದ ಗಾಯವಿರಬೇಕು. ಉಣುಗು ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯುತ್ತೇನೆ, ಬರಿ ಬೆರಳಲ್ಲಿ ಹಿಸುಕುವುದಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಸಲಿಗೆ ಇರಬಾರದು. ಎರಡು ಮುಂಗಾಲೋ ನಾಲ್ಕೂ ಕಾಲೋ ಒಟ್ಟಿಗೆ ಕೆಂಪಾಗಿದ್ದರೆ ಕತೆ ಬೇರೆ.

ಗುಂಡನದು ಮುಂಗಾಲು ಎರಡೂ. ಡಾಕ್ಟರು ಬೆರಳ ಸಂದಿಗೆ ಪಾರದರ್ಶಕ ಅಂಟುಪಟ್ಟಿ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನಗೂ ಇಣುಕಲು ಬಿಟ್ಟರು. ನಡು ಸೊರಗಿದ ನೆಲಗಡಲೆ ಆಕಾರದ ನೇರಳೆ ಚುಕ್ಕೆಗಳು ತುಂಬ ಇದ್ದವು. ಮಲಸೀಜಿಯಾ ಎಂಬ ಯೀಸ್ಟ್ ಅಂತೆ, ಒಂದು ಬಗೆಯ ಶಿಲೀಂಧ್ರ. ಇದು ಹೊರಗಿನಿಂದ ಅಂಟಿ ಬಂದದ್ದಲ್ಲ, ಆರೋಗ್ಯವಾಗಿರುವ ನಾಯಿಯ ಚರ್ಮದ ಮೇಲೂ ಸ್ವಲ್ಪ ಇದ್ದೇ ಇರುತ್ತದೆ. ಒದ್ದೆ, ಬಿಸಿ, ಜಿಡ್ಡು ಸಿಕ್ಕಾಗ ಮಿತಿ ಮೀರುತ್ತದೆ. ತುರಿಕೆಗೆ ನಾಯಿ ನೆಕ್ಕುತ್ತದೆ, ನೆಕ್ಕಿದ್ದಕ್ಕೆ ಇನ್ನಷ್ಟು ಒದ್ದೆ. ಕಜ್ಜಿ ಹುಳ ಇರಬಹುದೇ ಎಂದು ಚರ್ಮ ಕೆರೆದೂ ನೋಡಿದರು, ಇರಲಿಲ್ಲ.

ಬರೆದುಕೊಟ್ಟದ್ದು ಕ್ಲೋರ್‌ಹೆಕ್ಸಿಡಿನ್ 2%, ಮೈಕೋನಜೋಲ್ 2% ಇರುವ ಶಾಂಪೂ. ವಾರಕ್ಕೆ ಎರಡು ಸಲ, ನೊರೆ ಹತ್ತು ನಿಮಿಷ ಕಾಲಲ್ಲೇ ಇರಬೇಕು. ಆ ಹತ್ತು ನಿಮಿಷವೇ ಔಷಧಿ. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ವಾಸನೆ ಹೋಗುತ್ತದೆ, ಯೀಸ್ಟ್ ಹೋಗುವುದಿಲ್ಲ. ಬಚ್ಚಲಲ್ಲಿ ನಾನು ಸ್ಟೂಲಿನ ಮೇಲೆ ಕೂತು, ಗುಂಡನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಹೆಂಡತಿ ಅವನ ಮೂಗಿನ ಎದುರು ಚಪಾತಿ ಚೂರು ಹಿಡಿದು ಒಂದೊಂದೇ ಕೊಡುತ್ತಾಳೆ. ಚಪಾತಿ ಮುಗಿಯುವುದರೊಳಗೆ ಹೊತ್ತು ಆಗಿರುತ್ತದೆ. ಗಡಿಯಾರ ನೋಡಬೇಕು, ಅಂದಾಜಿಗೆ ಬಿಟ್ಟರೆ ಎರಡು ನಿಮಿಷವೇ ಹತ್ತು ಅನ್ನಿಸುತ್ತದೆ.

ಉಳಿದ ದಿನ ತೋಟದಿಂದ ಬಂದ ಮೇಲೆ ಬರಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಅದ್ದಿ ತೆಗೆಯುವುದು. ಕಾದಿಗೆಯ (ತೋಟದ ಬಸಿಗಾಲುವೆಯ) ಕೆಸರು ಬಹಳ ಹತ್ತಿದ್ದರೆ ನೀರಿಗೆ ಪೊವಿಡೋನ್ ಅಯೋಡಿನ್ ಹಾಕುತ್ತೇನೆ, ಹಾಲು ಹಾಕದ ತೆಳು ಚಹಾದ ಬಣ್ಣ ಬರುವಷ್ಟು, ಅದಕ್ಕಿಂತ ಗಟ್ಟಿ ಬೇಡ. ಆ ನೀರು ಕುಡಿಯದಂತೆ ಕಣ್ಣಿಡಬೇಕು.

ತೊಳೆಯುವುದು ಸುಲಭ, ಒಣಗಿಸುವುದೇ ಕೆಲಸ. ಟವೆಲ್ಲಿನಿಂದ ಪಾದ ಒರೆಸಿದರೆ ಮೇಲಿನ ಕೂದಲು ಒಣಗುತ್ತದೆ, ಸಂದಿ ಹಾಗೇ ಇರುತ್ತದೆ. ಅಪ್ಪನ ಹಳೇ ಪಂಚೆಯನ್ನು ಬೆರಳಗಲದ ಪಟ್ಟಿಗಳಾಗಿ ಹರಿದಿಟ್ಟುಕೊಂಡಿದ್ದೇನೆ. ಸವೆದ ಹತ್ತಿ ಬಟ್ಟೆಯಷ್ಟು ನೀರು ಹೀರುವುದು ಬೇರೆ ಇಲ್ಲ. ಪಟ್ಟಿಯನ್ನು ಪ್ರತಿ ಸಂದಿಯೊಳಗೆ ತೂರಿಸಿ, ಉಜ್ಜದೆ, ಒತ್ತಿ ಹಿಡಿದು ತೆಗೆಯುವುದು. ಕಾಲು ಮಗುಚಿ ದೊಡ್ಡ ಮೆತ್ತೆಯ ಹಿಂದಿನ ಗುಳಿಯನ್ನೂ ಬಿಡಬಾರದು. ಅಲ್ಲಿ ನೀರು ನಿಂತದ್ದು ಮೇಲಿನಿಂದ ಕಾಣುವುದೇ ಇಲ್ಲ. ಪಟ್ಟಿ ಒಣಗಿಯೇ ಹೊರಬಂದರೆ ಮುಗಿಯಿತು. ಹೇರ್ ಡ್ರೈಯರ್ ತಣ್ಣನೆ ಗಾಳಿಯಲ್ಲಿ ಹಿಡಿಯಿರಿ ಎಂದು ಪೇಟೆಯವರು ಹೇಳುತ್ತಾರೆ. ಆರಿದ್ರ ಮಳೆಯಲ್ಲಿ ನಮ್ಮಲ್ಲಿ ಕರೆಂಟು ಇದ್ದರೆ ತಾನೇ?

ಹೊತ್ತಾಗುತ್ತದೆ ಎಂದು ಒಣಗಿಸುವುದನ್ನು ಬಿಡುವವರು ತೊಳೆಯುವುದನ್ನೂ ಬಿಡುವುದು ಮೇಲು ಎಂದೇ ನನ್ನ ಲೆಕ್ಕ. ಕೆಸರಾದರೂ ಒಣಗಿ ಉದುರೀತು. ದಿನಾ ತೊಳೆದು ಒದ್ದೆ ಬಿಟ್ಟ ಕಾಲು ಮಾತ್ರ ವಾಸಿಯಾಗುವುದಿಲ್ಲ.

ಮೆತ್ತೆಗಳ ನಡುವಿನ ಕೂದಲನ್ನು ಮೊಂಡು ತುದಿಯ ಕತ್ತರಿಯಿಂದ ಮೆತ್ತೆಯ ಮಟ್ಟಕ್ಕೆ ಕತ್ತರಿಸುತ್ತೇನೆ. ನುಣ್ಣಗೆ ಬೋಳಿಸಬಾರದು. ಮೋಟು ಕೂದಲು ಚರ್ಮಕ್ಕೆ ಚುಚ್ಚಿ ಬೇರೆ ಗುಳ್ಳೆ ಏಳುತ್ತದೆ. ಕಾಲುಚೀಲ ಹಾಕಿದರೆ ನೆಕ್ಕುವುದು ನಿಲ್ಲುತ್ತದೆ, ಒಳಗೆ ಬೆವರುತ್ತದೆ. ನಾಯಿ ಪಾದದ ಮೆತ್ತೆಯಲ್ಲಿ ಬೆವರುವ ಪ್ರಾಣಿ. ಹಾಗಾಗಿ ಕಾಲುಚೀಲ ಬಿಟ್ಟು ರಾತ್ರಿ ಹೊತ್ತು ಕುತ್ತಿಗೆಗೆ, ಬಾಯಿ ಕಾಲಿಗೆ ಎಟುಕದಂತೆ, ಕೋನ್ ಹಾಕಿದೆ. ಅದನ್ನು ಹಾಕಿಕೊಂಡು ಅವನು ಕಂಬಕ್ಕೆಲ್ಲ ಡಿಕ್ಕಿ ಹೊಡೆದು ಮನೆಯವರ ನಿದ್ದೆ ಕೆಡಿಸಿದ್ದು ಬೇರೆ ವಿಷಯ.

ನಂಟರಿಷ್ಟರು ಹೇಳಿದ ಮದ್ದುಗಳಿಗೆ ಲೆಕ್ಕವಿಲ್ಲ. ಕೊಬ್ಬರಿ ಎಣ್ಣೆ-ಅರಿಶಿನ ಹಚ್ಚಿದರೆ ನಾಯಿಗೆ ಅದೇ ತಿಂಡಿ, ಇನ್ನೂ ನೆಕ್ಕುತ್ತದೆ. ಸೀಮೆಎಣ್ಣೆ ವಿಷ. ನಾಯಿ ಮಲಗುವ ನೆಲವನ್ನು ಫಿನಾಯಿಲ್ ಹಾಕಿ ಒರೆಸಿದರೆ ಅದೂ ಪಾದವನ್ನು ಕೆರಳಿಸುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ, ಮನುಷ್ಯರ ಹುಳುಕಡ್ಡಿಗೆ ಹಚ್ಚುವ ಟ್ಯೂಬು. ಅವುಗಳಲ್ಲಿ ಹಲವಕ್ಕೆ ಬಲವಾದ ಸ್ಟಿರಾಯ್ಡ್ ಸೇರಿಸಿರುತ್ತಾರೆ. ನಾಲ್ಕು ದಿನ ಕೆಂಪು ಇಳಿದಂತೆ ಕಾಣುತ್ತದೆ, ಚರ್ಮ ತೆಳುವಾಗುತ್ತದೆ, ನೆಕ್ಕಿದ್ದೆಲ್ಲ ಹೊಟ್ಟೆಗೆ.

ತೋಟದ ಮನೆಯವರು ಇನ್ನೊಂದು ನೋಡಬೇಕು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಇದೇ ಕಾಲದಲ್ಲಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಡಿಕೆ ಗೊನೆಯಿಂದ ತೊಟ್ಟಿಕ್ಕಿದ್ದು ಮರದ ಬುಡದಲ್ಲೇ ಬೀಳುತ್ತದೆ, ಡ್ರಮ್ಮಿನ ಸುತ್ತ ಚೆಲ್ಲಿದ್ದು ಇನ್ನೂ ಗಟ್ಟಿ. ಔಷಧಿ ಹೊಡೆಯುವ ದಿನ ಗುಂಡನನ್ನು ಕಟ್ಟಿಹಾಕುತ್ತೇವೆ. ಬಚ್ಚಲೊಲೆಯ ಬೂದಿಗುಡ್ಡೆಯ ಮೇಲೆ ಬೆಚ್ಚಗೆ ಮಲಗುವ ಅಭ್ಯಾಸವನ್ನೂ ಬಿಡಿಸಿದೆ. ಒದ್ದೆ ಕಾಲಿಗೆ ಬೂದಿ ಹತ್ತಿದರೆ ಕ್ಷಾರವಾಗಿ ಚರ್ಮ ಉರಿಯುತ್ತದೆ. ಬದಲಿಗೆ ಅದೇ ಒಲೆಯ ಪಕ್ಕ ಹಲಗೆ ಹಾಕಿ ಗೋಣಿ ಹಾಸಿದ್ದೇವೆ.

ಮಘೆ ಮಳೆಯ ಹೊತ್ತಿಗೆ ಸಂದಿಯ ಚರ್ಮ ತಿಳಿಯಾಯಿತು, ವಾಸನೆ ಹೋಯಿತು. ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ದೀಪಾವಳಿ ಕಳೆದು ಗುಡ್ಡದ ಹುಲ್ಲು ಹೂ ಬಿಟ್ಟು ಒಣಗುವ ಕಾಲದಲ್ಲಿ ಮತ್ತೆ ಕಾಲು ನೆಕ್ಕಲು ಶುರು ಮಾಡಿದ. ಈ ಸಲ ಸಂದಿ ಪೂರಾ ಒಣ, ವಾಸನೆಯೂ ಇಲ್ಲ, ಆದರೆ ಕೆಂಪು. ಜೊತೆಗೆ ಕಿವಿಯ ಒಳಭಾಗ, ಹೊಟ್ಟೆ, ಕಂಕುಳೂ ಕೆಂಪು. ಶಾಂಪೂಗೆ ಜಗ್ಗಲಿಲ್ಲ. ಇದು ಅಲರ್ಜಿ ಎಂದರು ಡಾಕ್ಟರು. ಈ ತರಹದ್ದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತಲೆ ಎತ್ತುತ್ತದೆ, ಗುಂಡನಿಗೆ ಎರಡು ತುಂಬಿತ್ತು. ಅಲರ್ಜಿಯಿಂದ ಕೆರಳಿದ ಚರ್ಮದಲ್ಲಿ ಯೀಸ್ಟ್ ಬೇಗ ಹೆಚ್ಚುತ್ತದೆಯಂತೆ, ಹಾಗಾಗಿ ಮಳೆಗಾಲದ್ದಕ್ಕೂ ಒಳಗಿನ ಕಾರಣ ಇದೇ ಇರಬಹುದು. ಬೆಂಗಳೂರಲ್ಲಿ ನಾಯಿ ಸಾಕಿರುವ ತಂಗಿಗೂ ಹೇಳಿದೆ, ಖಾಲಿ ಸೈಟಿನ ಕಾಂಗ್ರೆಸ್ ಗಿಡದೊಳಗೆ ಬಿಡಬೇಡ ಎಂದು. ಮನುಷ್ಯರ ಮೈಗೇ ಆಗದ ಗಿಡ ಅದು.

ತುರಿಕೆ ತೀರಾ ಹೆಚ್ಚಾದ ವಾರಗಳಿಗೆ ಓಕ್ಲಾಸಿಟಿನಿಬ್ ಮಾತ್ರೆ ಕೊಟ್ಟರು. ಒಂದೆರಡು ದಿನದಲ್ಲೇ ನೆಕ್ಕುವುದು ಇಳಿಯಿತು, ಬೆಲೆ ಮಾತ್ರ ಕೈ ಕಚ್ಚುತ್ತದೆ. ತೂಕ ನೋಡಿ ಕೊಡುವ ಮಾತ್ರೆ, ಒಂದು ವರ್ಷದೊಳಗಿನ ಮರಿಗೆ ಕೊಡುವ ಹಾಗಿಲ್ಲ, ಸೋಂಕು ಇದ್ದರೆ ಮೊದಲು ಅದಕ್ಕೆ ಔಷಧಿ ಆಗಬೇಕು. ಆದ್ದರಿಂದ ಪಕ್ಕದ ಮನೆಯವರು ತಮ್ಮ ನಾಯಿಗೂ ಎರಡು ಕೊಡಿ ಎಂದು ಕೇಳಿದಾಗ ಕೊಡಲಿಲ್ಲ, ಪಂಚೆಯ ಪಟ್ಟಿ ಬೇಕಾದರೆ ಒಯ್ಯಿರಿ ಎಂದೆ. ಬೇಜಾರು ಮಾಡಿಕೊಂಡರು. ಆಮೇಲೆ ನೋಡಿದರೆ ಅವರ ನಾಯಿಗೆ ಕೆಂಪಾಗಿದ್ದದ್ದು ಒಂದೇ ಕಾಲು, ಬೆರಳ ನಡುವೆ ಕೀವು ತುಂಬಿದ ಗಂಟು, ಒಳಗೆ ಮುರಿದ ಮುಳ್ಳು. ಕುಂಟುತ್ತಿದ್ದ ಅದನ್ನು ಮಾರನೇ ದಿನ ನಮ್ಮ ಜೀಪಿನಲ್ಲೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು.