ನಾಲ್ಕು ಕಾಲಂ, ಒಂದು ವಿಚಾರಣೆ: ಯೇಸುವಿನ ಮೊಕದ್ದಮೆಯನ್ನು ನಾನು ಓದುವ ಕ್ರಮ

ಯೇಸುವಿನ ವಿಚಾರಣೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಒಂದೇ ಕಥೆ. ರಾತ್ರಿ ಮಹಾಯಾಜಕ ಕಾಯಫನ ಮನೆ, ಬೆಳಿಗ್ಗೆ ರೋಮನ್ ಅಧಿಕಾರಿ ಪಿಲಾತ, ನಡುವೆ ಗಲಿಲಾಯವನ್ನು ಆಳುತ್ತಿದ್ದ ಹೆರೋದ, ಪಿಲಾತ ಕೈತೊಳೆದ ನೀರು, ಯೇಸುವಿನ ಬದಲು ಬರಬ್ಬನೆಂಬ ಕೈದಿಯ ಬಿಡುಗಡೆ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಯಾವುದರಲ್ಲೂ ಈ ಕಥೆ ಇಡಿಯಾಗಿ ಇಲ್ಲ. ಹೆರೋದ ಬರುವುದು ಲೂಕನಲ್ಲಿ ಮಾತ್ರ, ಕೈತೊಳೆಯುವುದು ಮತ್ತಾಯನಲ್ಲಿ ಮಾತ್ರ. ಕಥೋಲಿಕ ಚರ್ಚುಗಳಲ್ಲಿ ಗರಿಗಳ ಭಾನುವಾರದಂದು ಮತ್ತಾಯ, ಮಾರ್ಕ, ಲೂಕರ ವೃತ್ತಾಂತಗಳನ್ನು ಮೂರು ವರ್ಷದ ಸರದಿಯಲ್ಲಿ ಓದುತ್ತಾರೆ. ಶುಭ ಶುಕ್ರವಾರಕ್ಕೆ ಪ್ರತಿವರ್ಷವೂ ಯೋಹಾನನದೇ. ಒಂದೇ ವಾರದಲ್ಲಿ ಎರಡನ್ನೂ ಕೇಳಿದ ಕಿವಿ ಅವನ್ನು ಬೆಸೆದುಬಿಡುತ್ತದೆ. ಶಿಲುಬೆ ಹಾದಿ ಎಂಬ ಪ್ರಾರ್ಥನೆಯ 14 ಸ್ಥಳಗಳಲ್ಲಂತೂ ಮೊದಲನೆಯದೇ ಮರಣದಂಡನೆಯ ತೀರ್ಪು. ಅದಕ್ಕೆ ಮುಂಚಿನ ವಾದವೇ ಅಲ್ಲಿಲ್ಲ. ಯಾರು ಯಾವ ಆರೋಪ ಹೊರಿಸಿದರು, ಯೇಸು ತಾವು ಯಾರೆಂದು ಹೇಳಿಕೊಂಡರು ಎಂದು ತಿಳಿಯಬೇಕಿದ್ದರೆ ಮೊದಲು ಈ ಬೆಸುಗೆ ಬಿಡಿಸಬೇಕು.

ಅದಕ್ಕೆ ನಾನು ಬಳಸುವುದು ಎ3 ಹಾಳೆ, ಅಡ್ಡಲಾಗಿ. 42 ಸೆಂ.ಮೀ. ಅಗಲದಲ್ಲಿ ಎಡಗಡೆ 3 ಸೆಂ.ಮೀ. ಘಟನೆಯ ಹೆಸರಿಗೆ, ಆಮೇಲೆ ತಲಾ 9 ಸೆಂ.ಮೀ.ನ ನಾಲ್ಕು ಕಾಲಂ. ಕಾಲಂಗಳ ಕ್ರಮ ಮಾರ್ಕ, ಮತ್ತಾಯ, ಲೂಕ, ಯೋಹಾನ. ಬೈಬಲಿನಲ್ಲಿ ಅಚ್ಚಾದ ಕ್ರಮ ಇಲ್ಲಿ ಕೆಲಸಕ್ಕೆ ಬಾರದು. ಮಾರ್ಕನ ಸುವಾರ್ತೆಯೇ ಮೊದಲು ಬರೆದದ್ದು, ಮತ್ತಾಯ ಮತ್ತು ಲೂಕರ ಮುಂದೆ ಅದು ಇತ್ತು ಎಂಬುದು ಬಹುಪಾಲು ವಿದ್ವಾಂಸರ ಮತ. ಹಾಗಾಗಿ ಎಡದಿಂದ ಬಲಕ್ಕೆ ಓದುತ್ತ ಹೋದರೆ ಏನು ಸೇರಿತು, ಏನು ಬಿಟ್ಟುಹೋಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಓದಬೇಕಾದ ಭಾಗಗಳು (ಅಧ್ಯಾಯ:ವಚನ): ಮಾರ್ಕ 14:53ರಿಂದ 15:20, ಮತ್ತಾಯ 26:57ರಿಂದ 27:31, ಲೂಕ 22:54ರಿಂದ 23:25, ಯೋಹಾನ 18:12ರಿಂದ 19:16. ಒಟ್ಟು 178 ವಚನ. ಎರಡೆರಡು ಗಂಟೆಯಂತೆ ಮೂರು ಸಲ ಕೂತರೆ ಮುಗಿಯುತ್ತದೆ. ವಚನಗಳನ್ನು ಜೆರಾಕ್ಸ್ ಮಾಡಿ ಕತ್ತರಿಸಿ ಅಂಟಿಸುವುದು ಬೇಡ. ಅಂಟಿಸಿದ್ದನ್ನು ಯಾರೂ ಓದುವುದಿಲ್ಲ. ವಚನದ ಸಂಖ್ಯೆ ಮತ್ತು ಐದಾರು ಪದಗಳ ಸಾರ, ಅಷ್ಟನ್ನೇ ಕೈಯಲ್ಲಿ ಬರೆಯಬೇಕು. ಸಾಲುಗಳು ನನ್ನ ಹಾಳೆಯಲ್ಲಿ 16: ಮೊದಲು ಕರೆದೊಯ್ದ ಮನೆ, ಸಾಕ್ಷಿಗಳು, ದೇವಾಲಯದ ಮಾತು, ಮಹಾಯಾಜಕನ ಪ್ರಶ್ನೆ, ಉತ್ತರ, ಸಭೆಯ ತೀರ್ಪು, ಬೆಳಗಿನ ಕೂಟ, ಪಿಲಾತನ ಮುಂದೆ ಆರೋಪ, ಪಿಲಾತನ ಪ್ರಶ್ನೆ, ಉತ್ತರ, ಹೆರೋದ, ಬರಬ್ಬ, ಕೊರಡೆ ಏಟು, ಕೈತೊಳೆತ, ಒಪ್ಪಿಸಿದ ವೇಳೆ, ಶಿಲುಬೆಯ ಮೇಲಿನ ಬರಹ. ಕೊನೆಯ ಸಾಲಿಗೆ ಮಾತ್ರ ಮೇಲಿನ ಮಿತಿ ದಾಟಿ ಮುಂದೆ ಓದಬೇಕು. ವೇಳೆಯ ಸಾಲಿಗೆ ಮಾರ್ಕ 15:25ನ್ನೂ ಸೇರಿಸಿಕೊಳ್ಳಿ.

ನಿಯಮ ಒಂದೇ, ಆದರೆ ಬಹಳ ಕಟ್ಟುನಿಟ್ಟು: ಹಾಳೆಯಲ್ಲಿ ಖಾಲಿ ಉಳಿದ ಮನೆ, ಅಂದರೆ ಚೌಕ, ಖಾಲಿಯೇ ಇರಬೇಕು. ಕೆಂಪು ಪೆನ್ಸಿಲಿನಲ್ಲಿ ಒಂದು ಸೊನ್ನೆ ಹಾಕಿ ಮುಂದೆ ಹೋಗುವುದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. "ಯೋಹಾನ ಹೇಳಿಲ್ಲ, ಆದರೆ ನಡೆದಿರಲೇಬೇಕು" ಎಂದು ಮಾರ್ಕನಿಂದ ತಂದು ತುಂಬುತ್ತಾರೆ. ತುಂಬಿದ ಮೇಲೆ ಆ ಹಾಳೆ ಏನನ್ನೂ ತೋರಿಸುವುದಿಲ್ಲ. ಯೋಹಾನನಲ್ಲಿ ಹಿರೀಸಭೆಯ, ಅಂದರೆ ಯೆಹೂದ್ಯರ ಉನ್ನತ ನ್ಯಾಯಸಭೆಯ, ವಿಚಾರಣೆಯೇ ಇಲ್ಲ. ಮೊದಲು ಕಾಯಫನ ಮಾವ ಅನ್ನನ ಮನೆ. ಅಲ್ಲಿ ಕೇಳುವುದು ಶಿಷ್ಯರ ಬಗ್ಗೆ, ಬೋಧನೆಯ ಬಗ್ಗೆ. ಆಮೇಲೆ ಕಾಯಫನ ಬಳಿಗೆ ಕಳಿಸಿದರೆಂದು ಒಂದು ಸಾಲು, ಅಲ್ಲಿ ನಡೆದದ್ದೇನೆಂದು ಒಂದು ಪದವೂ ಇಲ್ಲ. ಸಭೆ ತೀರ್ಮಾನಿಸಿದ್ದು ಬಹಳ ಮುಂಚೆ, 11ನೇ ಅಧ್ಯಾಯದಲ್ಲೇ. ಲೂಕನಲ್ಲಿ ಸಭೆ ಕೂಡುವುದು ಬೆಳಗಾದ ಮೇಲೆ. ಸುಳ್ಳುಸಾಕ್ಷಿಗಳಿಲ್ಲ, ಮರಣಕ್ಕೆ ಪಾತ್ರನೆಂಬ ತೀರ್ಪೂ ಇಲ್ಲ. ದೇವಾಲಯವನ್ನು ಕೆಡವುವ ಮಾತು ಮಾರ್ಕ, ಮತ್ತಾಯರಲ್ಲಿ ಆರೋಪವಾಗಿ ಬರುತ್ತದೆ. ಲೂಕನ ಕಾಲಂನಲ್ಲಿ ಅಲ್ಲಿ ಸೊನ್ನೆ, ಆದರೆ ಅದೇ ಲೇಖಕನ ಅಪೊಸ್ತಲರ ಕೃತ್ಯಗಳು 6:14ರಲ್ಲಿ, ಮುಂದೆ ಕಲ್ಲೆಸೆತಕ್ಕೆ ಬಲಿಯಾದ ಶಿಷ್ಯ ಸ್ತೆಫನನ ಮೇಲಿನ ದೂರಾಗಿ ಕಾಣಿಸಿಕೊಳ್ಳುತ್ತದೆ. ಯೋಹಾನ 2:19ರಲ್ಲಿ ಅದು ಯೇಸುವಿನ ಸ್ವಂತ ಮಾತು. ಒಂದು ಮಾತು ಹೀಗೆ ಮೂರು ಕಡೆ ನೆಲೆ ಬದಲಿಸಿದೆ ಎಂದರೆ ಅದನ್ನು ಮರೆಯುವುದೂ ಕಷ್ಟವಾಗಿತ್ತು, ಹೇಳುವುದೂ ಕಷ್ಟವಾಗಿತ್ತು ಎಂದೇ ನಾನು ಓದುತ್ತೇನೆ.

ಕನ್ನಡ ಅನುವಾದ ಒಂದನ್ನೇ ನೆಚ್ಚಬೇಡಿ. ಪ್ರೊಟೆಸ್ಟಂಟರದ್ದು ಒಂದು, ಕಥೋಲಿಕರದ್ದು ಒಂದು ಪಕ್ಕಪಕ್ಕ ಇರಲಿ. ಒಂದರಲ್ಲಿ 'ಮನುಷ್ಯಕುಮಾರ' ಎಂದಿರುವುದು ಇನ್ನೊಂದರಲ್ಲಿ 'ನರಪುತ್ರ'. ಗ್ರೀಕ್ ಬಾರದಿದ್ದರೂ ಒಂದಷ್ಟು ಗ್ರೀಕ್ ಪದಗಳನ್ನು ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. 'ಕಳ್ಳರು' ಎಂದು ನಾವು ಓದಿಕೊಂಡು ಬಂದಿರುವಲ್ಲಿ ಮೂಲಪದ 'ಲೇಸ್ತೇಸ್'. ಜೇಬುಗಳ್ಳನಿಗೆ ಆ ಪದ ಹೊಂದದು. ದರೋಡೆಕೋರನಿಗೂ, ದಂಗೆಕೋರನಿಗೂ ಯೊಸೇಫಸ್ ಎಂಬ ಯೆಹೂದಿ ಇತಿಹಾಸಕಾರ ಅದನ್ನೇ ಬಳಸುತ್ತಾನೆ. ಯೋಹಾನ ಬರಬ್ಬನನ್ನು ಹಾಗೆ ಕರೆಯುತ್ತಾನೆ. ದಂಗೆಯಲ್ಲಿ ಕೊಲೆ ಮಾಡಿದವರ ಜೊತೆ ಸೆರೆಯಲ್ಲಿದ್ದವನು ಎಂದು ಮಾರ್ಕ ಹೇಳುತ್ತಾನೆ. ಯೇಸುವಿನ ಎಡಬಲಕ್ಕೆ ಶಿಲುಬೆಗೇರಿದವರಿಗೂ ಮಾರ್ಕ, ಮತ್ತಾಯರು ಇದೇ ಪದ ಹಾಕುತ್ತಾರೆ. ಪಿಲಾತನ ಕಣ್ಣಿಗೆ ಅಂದು ನಿಂತವರು ಒಂದೇ ಬಗೆಯ ಅಪರಾಧಿಗಳು ಎಂಬ ಸುಳಿವು ಈ ಪದದಲ್ಲಿದೆ.

ಈಗ ಉತ್ತರದ ಸಾಲು. ಹಾಳೆಯ ಜೀವ ಇರುವುದು ಇಲ್ಲಿ. ಮಹಾಯಾಜಕನ ಪ್ರಶ್ನೆಗೆ ಮಾರ್ಕನಲ್ಲಿ ಉತ್ತರ 'ಎಗೋ ಎಯ್ಮಿ', ನಾನೇ ಅವನು. ಮತ್ತಾಯನಲ್ಲಿ 'ಸು ಎಯ್‌ಪಾಸ್', ನೀನೇ ಹೇಳಿದ್ದೀ. ಲೂಕನಲ್ಲಿ ಪ್ರಶ್ನೆ ಎರಡಾಗಿ ಒಡೆಯುತ್ತದೆ: ಕ್ರಿಸ್ತನೋ ಎಂದಾಗ "ಹೇಳಿದರೂ ನೀವು ನಂಬುವುದಿಲ್ಲ", ದೇವರ ಮಗನೋ ಎಂದಾಗ "ನಾನೇ ಎಂದು ನೀವೇ ಹೇಳುತ್ತೀರಿ". ಮಾರ್ಕನ ಕೆಲವು ಹಸ್ತಪ್ರತಿಗಳಲ್ಲೂ "ನಾನೇ ಎಂದು ನೀನು ಹೇಳಿದೆ" ಎಂಬ ಪಾಠವಿದೆ. ಅದೇ ಪಿಲಾತನ ಮುಂದೆ ನೋಡಿ: ನಾಲ್ಕೂ ಕಾಲಂಗಳಲ್ಲಿ 'ಸು ಲೆಗೆಯ್ಸ್', ನೀನು ಹೇಳುತ್ತೀ. ಇಡೀ ಹಾಳೆಯಲ್ಲಿ ನಾಲ್ವರೂ ಅಕ್ಷರಶಃ ಕೂಡುವ ಯೇಸುವಿನ ಮಾತು ಇದೊಂದೇ, ಅದೂ ಹೌದೂ ಅಲ್ಲ ಅಲ್ಲವೂ ಅಲ್ಲದ್ದು.

ಗುರುತಿನ ಪ್ರಶ್ನೆಯೂ ಮೊಕದ್ದಮೆಯ ಪ್ರಶ್ನೆಯೂ ಬೇರೆಬೇರೆ ಎಂದುಕೊಂಡವರಿಗೆ ಈ ಎರಡು ಸಾಲುಗಳನ್ನು ತೋರಿಸಬೇಕು. ಮಹಾಯಾಜಕ ಕೇಳಿದ್ದು ಕ್ರಿಸ್ತನೋ, ದೇವರ ಮಗನೋ ಎಂದು. ಪಿಲಾತ ಕೇಳಿದ್ದು ಯೆಹೂದ್ಯರ ಅರಸನೋ ಎಂದು. ರೋಮಿನ ಅಧಿಕಾರಿಗೆ ದೇವದೂಷಣೆ ಅಪರಾಧವಲ್ಲ. ರೋಮಿನ ಚಕ್ರವರ್ತಿ ಕೈಸರನ ಅಪ್ಪಣೆಯಿಲ್ಲದೆ ಅರಸನೆಂದುಕೊಳ್ಳುವುದು ಅಪರಾಧ. ಒಂದು ಜಗಲಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 'ಮೆಸ್ಸೀಯ' (ಅಭಿಷಿಕ್ತ, ಗ್ರೀಕಿನಲ್ಲಿ 'ಕ್ರಿಸ್ತ') ಎಂಬ ಪದ 'ಅರಸ'ನಾಗಿ ಅನುವಾದಗೊಂಡಿದೆ. ಲೂಕ 23:2ರಲ್ಲಿ ಈ ಅನುವಾದ ಬಿಚ್ಚಿಟ್ಟಂತಿದೆ: ಜನರನ್ನು ತಿರುಗಿಸುತ್ತಾನೆ, ಕೈಸರನಿಗೆ ತೆರಿಗೆ ಬೇಡವೆನ್ನುತ್ತಾನೆ, ಕ್ರಿಸ್ತನೆಂಬ ಅರಸ ತಾನೇ ಎನ್ನುತ್ತಾನೆ. ಎರಡನೆಯದು ಸುಳ್ಳೆಂದು ಓದುಗನಿಗೆ 'ಕೈಸರನದನ್ನು ಕೈಸರನಿಗೆ ಕೊಡಿ' ಎನ್ನುವ 20:25ರಿಂದಲೇ ಗೊತ್ತು.

ಯೇಸುವಿನ ಉತ್ತರವನ್ನು ಮಾರ್ಕನ ಮಹಾಯಾಜಕ ದೇವದೂಷಣೆ ಎನ್ನುತ್ತಾನೆ. ಈ ವಿಷಯದಲ್ಲಿ ಆತುರ ಬೇಡ. ಮೆಸ್ಸೀಯನೆಂದುಕೊಳ್ಳುವುದೇ ದೇವದೂಷಣೆಯಲ್ಲ. ಕ್ರಿ.ಶ. 132ರಿಂದ 135ರವರೆಗೆ ರೋಮಿನ ವಿರುದ್ಧ ದಂಗೆ ನಡೆಸಿದ ಬಾರ್ ಕೊಖ್ಬನನ್ನು ರಬ್ಬಿ ಅಕಿವ ಮೆಸ್ಸೀಯನೆಂದು ಕರೆದದ್ದನ್ನು ಯೆಹೂದಿ ಪರಂಪರೆಯೇ ಹೇಳುತ್ತದೆ. ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ, ಕಾನೂನು ಸಂಹಿತೆಯಾದ ಮಿಷ್ನಾ ಪ್ರಕಾರ ದೇವರ ನಾಮವನ್ನೇ ಉಚ್ಚರಿಸಿದರೆ ಮಾತ್ರ ಆ ಅಪರಾಧ. ಮಾರ್ಕನಲ್ಲಿ ಕೇಳಿದವನೂ ನಾಮ ಉಚ್ಚರಿಸುವುದಿಲ್ಲ, ಉತ್ತರಿಸಿದವರೂ ಉಚ್ಚರಿಸುವುದಿಲ್ಲ. 'ಸ್ತುತ್ಯ', 'ಸರ್ವಶಕ್ತ' ಎಂಬರ್ಥದ ಪದಗಳಿಂದ ಬಳಸಿಕೊಂಡು ಹೋಗುತ್ತಾರೆ. ನನ್ನ ಓದಿನಲ್ಲಿ ಚುಚ್ಚಿದ್ದು 'ನಾನೇ' ಎಂಬುದಲ್ಲ, ಅದರ ಮುಂದಿನ ಅರ್ಧ ವಾಕ್ಯ. 110ನೇ ಕೀರ್ತನೆಯ ಬಲಗಡೆಯ ಆಸನವನ್ನೂ ದಾನಿಯೇಲ 7:13ರ ಮೇಘಗಳನ್ನೂ ಜೋಡಿಸಿ "ನೀವು ನೋಡುವಿರಿ" ಎಂದಾಗ, ತೀರ್ಪು ಕೊಡಲು ಕೂತವರೇ ತೀರ್ಪಿಗೆ ಒಳಗಾಗುತ್ತಾರೆ.

"ಹಿರೀಸಭೆ ತನ್ನದೇ ಕಾನೂನನ್ನು ಮುರಿಯಿತು" ಎಂಬ ವಾದ ಪ್ರವಚನಗಳಲ್ಲಿ ಬಹಳ ಕೇಳಿಬರುತ್ತದೆ. ಮಿಷ್ನಾ ಪ್ರಕಾರ ಮರಣದಂಡನೆಯ ಮೊಕದ್ದಮೆ ಹಗಲಲ್ಲೇ ನಡೆದು ಹಗಲಲ್ಲೇ ಮುಗಿಯಬೇಕು, ದಂಡನೆಯ ತೀರ್ಪು ಮರುದಿನವೇ ಬರಬೇಕು, ಆದ್ದರಿಂದ ಸಬ್ಬತ್ (ವಾರದ ವಿಶ್ರಾಂತಿ ದಿನ) ಅಥವಾ ಹಬ್ಬದ ಮುನ್ನಾದಿನ ಆರಂಭಿಸುವಂತಿಲ್ಲ. ಆದರೆ ಮಿಷ್ನಾ ಸಂಕಲನಗೊಂಡದ್ದು ಸುಮಾರು 200ರಲ್ಲಿ, ದೇವಾಲಯ ಸುಟ್ಟು ಒಂದು ಶತಮಾನ ಕಳೆದ ಮೇಲೆ, ರಬ್ಬಿಗಳ ಕೈಯಲ್ಲಿ. ಕಾಯಫನ ಕಾಲದ ಸಭೆಯ ಮೇಲೆ ಸದ್ದೂಕಾಯರೆಂಬ ಬೇರೆ ಪಂಥದ ಯಾಜಕರ ಹಿಡಿತವಿತ್ತು. 170 ವರ್ಷ ಈಚಿನ ಸಂಹಿತೆ ಹಿಡಿದು ಅವರನ್ನು ಅಳೆಯಲಾಗದು. ನನ್ನ ಹಾಳೆಯಲ್ಲಿ ಮಿಷ್ನಾ ಕಾಲಂ ಇಲ್ಲ. ಅದಕ್ಕೆ ಬೇರೆ ಚೀಟಿ, ಚೀಟಿಯ ತಲೆಯ ಮೇಲೆ ವರ್ಷ.

ಚೀಟಿಗಳು ಎಲ್ಲ ಹೊರಗಿನ ಆಧಾರಗಳಿಗೂ ಬೇಕು: ಯಾರು ಬರೆದರು, ಯಾವಾಗ, ಘಟನೆಯಿಂದ ಎಷ್ಟು ದೂರ, ಯಾರ ಕೈಯಲ್ಲಿ ಉಳಿದುಬಂತು. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಸುಮಾರು 116ರಲ್ಲಿ, ಚಕ್ರವರ್ತಿ ತಿಬೇರಿಯನ ಆಳ್ವಿಕೆಯಲ್ಲಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟನೆನ್ನುತ್ತಾನೆ, ಆದರೆ ಪಿಲಾತನನ್ನು 'ಪ್ರೊಕ್ಯುರೇಟರ್' ಎನ್ನುತ್ತಾನೆ. 1961ರಲ್ಲಿ ಕೈಸರೈಯದ ರಂಗಮಂದಿರದಲ್ಲಿ ಸಿಕ್ಕ ಶಿಲಾಶಾಸನದಲ್ಲಿ ಅವನ ಪದವಿ 'ಪ್ರಿಫೆಕ್ಟ್'. ಟ್ಯಾಸಿಟಸ್ ತನ್ನ ಕಾಲದ ಪದವಿಯ ಹೆಸರನ್ನು ಹಿಂದಕ್ಕೆ ಹಾಕಿದ್ದಾನೆ. ಯೊಸೇಫಸ್ 93ರ ಸುಮಾರಿಗೆ ಯೇಸುವಿನ ಬಗ್ಗೆ ಬರೆದದ್ದನ್ನು ಇಡಿಯಾಗಿ ನಂಬುವುದೂ ತಪ್ಪು, ಇಡಿಯಾಗಿ ಎಸೆಯುವುದೂ ತಪ್ಪು. "ಅವನೇ ಕ್ರಿಸ್ತನು" ಎಂಬ ಮಾತು ಕ್ರೈಸ್ತ ಲಿಪಿಕಾರನ ಸೇರ್ಪಡೆ ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಯೊಸೇಫಸ್ ಯೇಸುವನ್ನು ಕ್ರಿಸ್ತನೆಂದು ನಂಬಲಿಲ್ಲವೆಂದು 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನನೇ ಬರೆದಿದ್ದಾನೆ. ಪಿಲಾತನು ಶಿಲುಬೆಯ ಶಿಕ್ಷೆ ಕೊಟ್ಟನೆಂಬ ತಿರುಳನ್ನು ಹೆಚ್ಚಿನವರು ಮೂಲದ್ದೆಂದೇ ಎಣಿಸುತ್ತಾರೆ.

"ಯಾರನ್ನೂ ಕೊಲ್ಲುವ ಅಧಿಕಾರ ನಮಗಿಲ್ಲ" ಎಂದು ಯೆಹೂದ್ಯರು ಪಿಲಾತನಿಗೆ ಹೇಳುವ ಯೋಹಾನ 18:31ರ ಮಾತಿಗೆ ಚೀಟಿಗಳನ್ನು ಎರಡು ಗುಂಪು ಮಾಡಿ. ಪರವಾಗಿ: ಕ್ರಿ.ಶ. 6ರಲ್ಲಿ ಮೊದಲ ರೋಮನ್ ಅಧಿಕಾರಿ ಕೊಪೋನಿಯಸ್ ಮರಣದಂಡನೆಯ ಅಧಿಕಾರದೊಂದಿಗೆ ಬಂದನೆಂದು ಯೊಸೇಫಸ್, ದೇವಾಲಯದ ನಾಶಕ್ಕೆ 40 ವರ್ಷ ಮೊದಲೇ ಆ ಅಧಿಕಾರ ಕೈತಪ್ಪಿತೆಂದು ರಬ್ಬಿಗಳ ಗ್ರಂಥವಾದ ಯೆರೂಸಲೇಮಿನ ತಾಲ್ಮುದ್. ವಿರುದ್ಧವಾಗಿ: ಒಳಾಂಗಣಕ್ಕೆ ಕಾಲಿಟ್ಟ ಯೆಹೂದ್ಯನಲ್ಲದವನಿಗೆ ಸಾವೇ ಗತಿ ಎಂಬ ದೇವಾಲಯದ ಶಿಲಾಫಲಕ, 1871ರಲ್ಲಿ ಸಿಕ್ಕಿದ್ದು, ಸ್ತೆಫನನ ಮೇಲೆ ಕಲ್ಲೆಸೆದದ್ದು. 62ರಲ್ಲಿ ಯೇಸುವಿನ ಸಹೋದರ ಯಾಕೋಬನನ್ನು ಕಲ್ಲೆಸೆದು ಕೊಂದದ್ದನ್ನು ಎರಡೂ ಕಡೆಯವರು ಎಳೆಯುತ್ತಾರೆ. ನಾನು ಅದನ್ನು ಪರದ ಗುಂಪಿಗೆ ಹಾಕುತ್ತೇನೆ: ಆಗ ಹಳೆಯ ರೋಮನ್ ಅಧಿಕಾರಿ ಸತ್ತು ಹೊಸಬ ಇನ್ನೂ ಬಂದಿರಲಿಲ್ಲ, ಅಪ್ಪಣೆಯಿಲ್ಲದೆ ಸಭೆ ಸೇರಿಸಿದ್ದಕ್ಕೆ ಮಹಾಯಾಜಕನೇ ಪದವಿ ಕಳೆದುಕೊಂಡ.

ಬರಬ್ಬನ ಸಾಲಿನಲ್ಲಿ ನಾಲ್ಕೂ ಮನೆ ತುಂಬಿವೆ, ಆದರೆ ಹಬ್ಬಕ್ಕೊಬ್ಬ ಕೈದಿಯನ್ನು ಬಿಡುವ ಪದ್ಧತಿಗೆ ಸುವಾರ್ತೆಗಳ ಹೊರಗೆ ಆಧಾರವಿಲ್ಲ. ಪದ್ಧತಿಯನ್ನು ಹೇಳುವ ಲೂಕ 23:17 ಹಳೆಯ ಹಸ್ತಪ್ರತಿಗಳಲ್ಲೇ ಇಲ್ಲದ್ದರಿಂದ ಹೊಸ ಅನುವಾದಗಳು ಅದನ್ನು ಅಡಿಟಿಪ್ಪಣಿಗೆ ಇಳಿಸುತ್ತವೆ. ನಿಮ್ಮ ಪ್ರತಿಯಲ್ಲಿ 178ರ ಬದಲು 177 ಎಣಿಸಿದರೆ ಕಾರಣ ಇದೇ. ಒಬ್ಬ ಅಧಿಕಾರಿ ಗುಂಪಿನ ಕೂಗಿಗೆ ಕೈದಿಯನ್ನು ಬಿಡುವುದು ಮಾತ್ರ ಅಸಂಭವವಲ್ಲ. 85ರ ಈಜಿಪ್ಟಿನ ಒಂದು ಪಪೈರಸ್ಸಿನಲ್ಲಿ ಅಂಥದ್ದು ದಾಖಲಾಗಿದೆ. ಮತ್ತಾಯ 27:16ರ ಕೆಲವು ಹಸ್ತಪ್ರತಿಗಳಲ್ಲಿ ಅವನ ಹೆಸರು 'ಯೇಸು ಬರಬ್ಬ'. ಬರಬ್ಬ ಎಂದರೆ ಅರಮಾಯಿಕ್‌ನಲ್ಲಿ 'ತಂದೆಯ ಮಗ'. ಹಾಗೆ ಓದಿದರೆ ಜನರ ಮುಂದೆ ನಿಂತವರು ಇಬ್ಬರು ಯೇಸುಗಳು, ಇಬ್ಬರೂ ತಂದೆಯ ಮಕ್ಕಳು.

ವೇಳೆಯ ಸಾಲು ಹೊಂದುವುದಿಲ್ಲ, ಹೊಂದಿಸಲೂಬಾರದು. ಮಾರ್ಕನಲ್ಲಿ ಶಿಲುಬೆಗೇರಿಸಿದ್ದು ಮೂರನೇ ತಾಸು, ಅಂದರೆ ಬೆಳಿಗ್ಗೆ 9. ಯೋಹಾನನಲ್ಲಿ ಆರನೇ ತಾಸಿಗೆ, ಮಧ್ಯಾಹ್ನ 12ಕ್ಕೆ, ಇನ್ನೂ ಪಿಲಾತನ ಮುಂದೆಯೇ. ಯೋಹಾನ ಮಧ್ಯರಾತ್ರಿಯಿಂದ ಎಣಿಸಿದ ಎಂಬ ಸಮಾಧಾನ ನಿಲ್ಲದು. ರೋಮನರೂ ಹಗಲಿನ ತಾಸುಗಳನ್ನು ಸೂರ್ಯೋದಯದಿಂದಲೇ ಎಣಿಸುತ್ತಿದ್ದರು. ದಿನವೂ ಬೇರೆ: ಮಾರ್ಕನಲ್ಲಿ ಯೆಹೂದ್ಯರ ಪಸ್ಕ ಹಬ್ಬದ ಊಟ ಮುಗಿದಿದೆ, ಯೋಹಾನನಲ್ಲಿ ಆಗಬೇಕಿದೆ. ಯೋಹಾನನ ಲೆಕ್ಕ ಹಿಡಿದವರು ಹೆಚ್ಚಾಗಿ ಹೇಳುವ ತಾರೀಖುಗಳು 30ರ ಏಪ್ರಿಲ್ 7, 33ರ ಏಪ್ರಿಲ್ 3.

ಕೈತೊಳೆತದ ಸಾಲಿನಲ್ಲಿ ಮೂರು ಸೊನ್ನೆ, ಮತ್ತಾಯನ ಮನೆಯೊಂದೇ ತುಂಬಿರುತ್ತದೆ. ಅದರ ಪಕ್ಕದಲ್ಲೇ 27:25: "ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ". ಗುಂಪಿನ ಆ ಕೂಗನ್ನು ಇಡೀ ಯೆಹೂದಿ ಜನಾಂಗದ ತಪ್ಪೊಪ್ಪಿಗೆಯೆಂದು ಓದಿ ಯುರೋಪಿನಲ್ಲಿ ಶತಮಾನಗಳ ಕಾಲ ಯೆಹೂದ್ಯರನ್ನು ಹಿಂಸಿಸಿದರು. ಆ ಕಾಲದ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಆ ಸಾವನ್ನು ಹೊರಿಸಲಾಗದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಘೋಷಿಸಬೇಕಾಯಿತು. ಈ ಸಾಲನ್ನು ಇನ್ನೊಬ್ಬರಿಗೆ ತೋರಿಸುವಾಗ ನಾನು ಅವಸರ ಮಾಡುವುದಿಲ್ಲ. ಸೊನ್ನೆಗಳನ್ನು ಅವರೇ ಎಣಿಸಬೇಕು.

ಕೊನೆಯ ಸಾಲು ಶಿಲುಬೆಯ ಮೇಲಿನ ಬರಹ. ಪದಗಳು ನಾಲ್ಕೂ ಕಡೆ ಬೇರೆ, 'ಯೆಹೂದ್ಯರ ಅರಸ' ಎಂಬುದು ಮಾತ್ರ ನಾಲ್ಕರಲ್ಲೂ ಇದೆ. ಪಿಲಾತನ ಕಚೇರಿ ಒಪ್ಪಿಕೊಂಡ ಆರೋಪ ಅದು. ಯೋಹಾನನ ಮನೆಯಲ್ಲಿ ಇನ್ನೆರಡು ವಚನ ಹೆಚ್ಚಿಗೆ ಬರೆಯಲು ಜಾಗ ಬಿಡಿ, 19:21 ಮತ್ತು 22. 'ಅರಸ' ಎಂದು ಬರೆಯಬೇಡ, 'ನಾನು ಅರಸನೆಂದು ಇವನು ಹೇಳಿದನು' ಎಂದು ಬರೆ ಎಂದು ಮಹಾಯಾಜಕರು ಕೇಳುತ್ತಾರೆ. ಬರೆದದ್ದು ಬರೆದಾಯಿತು ಎನ್ನುತ್ತಾನೆ ಪಿಲಾತ.