ಕಾರ್ಪೆಟ್ ಕಲೆ: ಹೋಯ್ತು ಅಂದುಕೊಂಡದ್ದು ಮತ್ತೆ ಬಂದಾಗ

ಹಳೇ ಕಾಫಿ ಕಲೆಯ ಜೊತೆ ಗುದ್ದಾಡಿದವರಿಗೆ ಇದು ಗೊತ್ತಿರುತ್ತದೆ. ರಾತ್ರಿ ಒರೆಸಿದಾಗ ಕಾರ್ಪೆಟ್ ಚೊಕ್ಕ. ಬೆಳಿಗ್ಗೆ ಒಣಗಿದ ಮೇಲೆ ನೋಡಿದರೆ ಅದೇ ಜಾಗದಲ್ಲಿ ಅದೇ ಕಲೆ, ಸುತ್ತ ಒಂದು ಕಂದು ಗೆರೆ ಬೇರೆ. ಚೆಲ್ಲಿದ್ದು ಎಳೆಗಳ ತುದಿಯಲ್ಲೇ ನಿಂತಿರುವುದಿಲ್ಲ. ಬುಡಕ್ಕೆ ಇಳಿದು ಕೆಳಗಿನ ಹಾಸಿಗೂ ಇಂಗಿರುತ್ತದೆ. ಒಣಗುವಾಗ ಆ ತೇವ, ಬತ್ತಿ ಎಣ್ಣೆ ಎಳೆದ ಹಾಗೆ, ಎಳೆಗಳ ಮೂಲಕ ಮೇಲೆ ಬರುತ್ತದೆ. ಬಣ್ಣವೂ ಜೊತೆಗೇ ಬರುತ್ತದೆ.

ಇದು ತಲೆಗೆ ಹೋದ ಮೇಲೆ ನಾನು ಕಲೆ ತೆಗೆಯುವ ರೀತಿಯೇ ಬದಲಾಯಿತು. ಈಗ ಯಾವ ದ್ರಾವಣ ಹಾಕಲಿ ಎನ್ನುವುದಕ್ಕಿಂತ, ಹಾಕಿದ್ದನ್ನು ಹೊರಗೆ ಹೇಗೆ ಎಳೆಯಲಿ ಎನ್ನುವ ಯೋಚನೆಯೇ ಜಾಸ್ತಿ.

ಕಾಫಿ, ಟೀ ಕಲೆಗೆ ನಾನು ಮಾಡುವುದು ಇಷ್ಟು. ಒಂದು ಕಪ್ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಅದಕ್ಕಿಂತ ಜಾಸ್ತಿ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬಿಳಿ ಹತ್ತಿ ಬಟ್ಟೆಯನ್ನು ಇದರಲ್ಲಿ ಅದ್ದಿ, ಹಿಂಡಿ, ಕಲೆಯ ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಒತ್ತುತ್ತಾ ಹೋಗುತ್ತೇನೆ. ಬಣ್ಣದ ಬಟ್ಟೆ ಬೇಡ, ಅದರ ಬಣ್ಣವೇ ಕಾರ್ಪೆಟ್‌ಗೆ ಹತ್ತಬಹುದು. ಉಜ್ಜಲೇಬಾರದು. ಉಜ್ಜಿದರೆ ಎಳೆಯ ತುದಿ ಬಿಚ್ಚಿಕೊಂಡು ಜುಂಗು ಏಳುತ್ತದೆ. ಆಮೇಲೆ ಕಲೆ ಹೋದರೂ ಆ ಜಾಗ ಮಸುಕಾಗಿಯೇ ಕಾಣುತ್ತದೆ. ಬಟ್ಟೆಗೆ ಕಂದು ಬಣ್ಣ ಹತ್ತುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಬಟ್ಟೆಯ ಚೊಕ್ಕ ಭಾಗಕ್ಕೆ ಮಡಚಿಕೊಂಡು ಮತ್ತೆ ಒತ್ತುವುದು. ಬಣ್ಣ ಬರುವುದು ನಿಂತರೆ ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು ಬೆರೆಸಿ ಅದೇ ರೀತಿ. ಕೊನೆಗೆ ಬರೀ ನೀರು.

ಆ ಬರೀ ನೀರಿನ ಸುತ್ತನ್ನು ಬಿಡುವವರೇ ಹೆಚ್ಚು. ಒಳಗೆ ಉಳಿದ ಸೋಪು ಅಂಟಂಟಾಗಿರುತ್ತದೆ. ನಡೆದಾಡುವಾಗಿನ ಧೂಳೆಲ್ಲ ಅಲ್ಲೇ ಹಿಡಿದು, ಕೆಲವು ವಾರದಲ್ಲಿ ಕಲೆ ಇದ್ದ ಜಾಗ ಕಪ್ಪಾಗುತ್ತದೆ. ಕಾಲು ಚಮಚ ಸಾಕು ಎಂದದ್ದು ಇದಕ್ಕೇ.

ಈಗ ಮುಖ್ಯ ಕೆಲಸ. ದಪ್ಪ ಬಿಳಿ ಟವೆಲ್ ಮಡಚಿ ಆ ಜಾಗದ ಮೇಲೆ ಹಾಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡುತ್ತೇನೆ. ನನ್ನ ಮನೆಯಲ್ಲಿ ಭಾರಕ್ಕೆ ಹಳೇ ಡಿಕ್ಷನರಿಗಳಿವೆ, ಈಗ ಅವುಗಳಿಂದ ಆಗುತ್ತಿರುವ ಉಪಯೋಗ ಅದೊಂದೇ. ಬುಡದಿಂದ ಮೇಲೆ ಬರುವ ತೇವವನ್ನು ಟವೆಲ್ ಕುಡಿದುಕೊಳ್ಳುತ್ತದೆ. ಬೆಳಿಗ್ಗೆ ತೆಗೆದರೆ ಟವೆಲ್ ಮೇಲೆ ಕಲೆಯ ಆಕಾರವೇ ತಿಳಿ ಕಂದು ಬಣ್ಣದಲ್ಲಿ ಅಚ್ಚಾಗಿರುತ್ತದೆ. ಅದನ್ನು ನೋಡುವುದೇ ಒಂಥರಾ ಖುಷಿ.

ರಕ್ತ, ಹಾಲು, ಮೊಟ್ಟೆಗೆ ತಣ್ಣೀರೇ ಆಗಬೇಕು. ಬಿಸಿ ತಗುಲಿದರೆ ಪ್ರೊಟೀನ್ ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ಎಣ್ಣೆ ಬಿದ್ದರೆ ಮೊದಲು ಜೋಳದ ಪಿಷ್ಟ ಅಥವಾ ಅಡುಗೆ ಸೋಡಾ ಉದುರಿಸಿ, ಅದು ಎಣ್ಣೆ ಹೀರುವ ತನಕ ಬಿಟ್ಟು, ವ್ಯಾಕ್ಯೂಮ್ ಮಾಡಿ ಆಮೇಲೆ ಸೋಪಿನ ನೀರು. ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದು ನೊರೆ ಬರಿಸುವ ಉಪಾಯ ನನಗೆ ಅಷ್ಟಕ್ಕಷ್ಟೇ. ನೋಡೋಕೆ ಚೆನ್ನ. ಆದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದು ಹಾಕುತ್ತದೆ, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ನಾಯಿ, ಬೆಕ್ಕಿನ ಮೂತ್ರಕ್ಕೆ ಎನ್‌ಜೈಮ್ ಕ್ಲೀನರ್ (ಕಲೆಯ ಅಂಶವನ್ನೇ ಒಡೆದು ಹಾಕುವ ದ್ರಾವಣ) ಬಿಟ್ಟರೆ ನನಗೆ ಬೇರೆ ಯಾವುದೂ ಪೂರ್ತಿ ಫಲ ಕೊಟ್ಟಿಲ್ಲ. ಹಾಕಿದ ತಕ್ಷಣ ಒರೆಸಿದರೆ ಸುಮ್ನೆ ದುಡ್ಡು ದಂಡ. ಬಾಟಲಿ ಮೇಲೆ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು.

ಇಷ್ಟೆಲ್ಲಕ್ಕೂ ಮೊದಲು ಕಾರ್ಪೆಟ್ ಯಾವುದರದ್ದು ಅಂತ ನೋಡಿಕೊಳ್ಳಿ. ಉಣ್ಣೆಗೆ ಕ್ಲೋರಿನ್ ಬ್ಲೀಚ್ ಮುಟ್ಟಿಸಲೇಬೇಡಿ, ಎಳೆಯೇ ಕರಗಿ ಹೋಗುತ್ತದೆ. ಪ್ರೊಟೀನ್ ಒಡೆಯುವ ಎನ್‌ಜೈಮ್ ಕೂಡ ಉಣ್ಣೆ, ರೇಷ್ಮೆಗೆ ಆಗಿಬರುವುದಿಲ್ಲ, ಅವೂ ಪ್ರೊಟೀನೇ ಅಲ್ವಾ? ತಿಳಿ ಬಣ್ಣದ ನೈಲಾನ್‌ನಲ್ಲಿ ಹಟ ಹಿಡಿದ ಕಲೆಗೆ 3% ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತೇನೆ. ಅದೂ ಸೋಫಾ ಕೆಳಗಿನ ಕಾಣದ ಮೂಲೆಯಲ್ಲಿ ಹಚ್ಚಿ, ಬಣ್ಣ ಬಿಡುವುದಿಲ್ಲ ಅಂತ ಖಾತ್ರಿಯಾದ ಮೇಲೆಯೇ. ಬ್ಲೀಚ್ ಜೊತೆ ವಿನೆಗರ್ ಅಥವಾ ಅಮೋನಿಯಾ ಯಾವತ್ತೂ ಸೇರಬಾರದು, ವಿಷದ ಗಾಳಿ ಹುಟ್ಟುತ್ತದೆ.

ಬ್ಲೀಚ್ ಬಿದ್ದು ಬೆಳ್ಳಗಾದ ಜಾಗಕ್ಕೆ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಅಲ್ಲಿ ತೆಗೆಯಲು ಕಲೆಯೇ ಇಲ್ಲ, ಬಣ್ಣವೇ ಹೋಗಿದೆ. ಸಣ್ಣ ಚುಕ್ಕೆಯಾದರೆ ಎಳೆಯ ತುದಿಯನ್ನು ಚೂಪು ಕತ್ತರಿಯಲ್ಲಿ ಒಂದಿಷ್ಟು ಕತ್ತರಿಸುತ್ತೇನೆ. ದೊಡ್ಡದಾದರೆ ಬೀರು ಕೆಳಗಿನಿಂದ ಅಷ್ಟೇ ಗಾತ್ರದ ತುಂಡು ಕೊಯ್ದು, ಎಳೆ ಮಲಗುವ ದಿಕ್ಕು ಹೊಂದಿಸಿ ಅಂಟಿಸುವುದೇ ದಾರಿ.