ಹತ್ತು ಸೆಂಟಿನ ದೆವ್ವಕ್ಕೆ ಇಸ್ತ್ರಿ

ಹತ್ತು ಸೆಂಟಿಗೆ ಮಾರುತ್ತಿದ್ದ ಹಳೇ ಅಮೆರಿಕನ್ ಹಾರರ್ ಕಾಮಿಕ್, ಹಾರ್ವೆ ಕಂಪನಿಯ ನನ್ನ 'ವಿಚಸ್ ಟೇಲ್ಸ್', ಹೋದ ತಿಂಗಳು ಗ್ರೇಡಿಂಗ್ (ಪುಸ್ತಕದ ಸ್ಥಿತಿಗೆ ಅಂಕ ಕೊಡೋದು) ಮುಗಿಸಿ ಮನೆಗೆ ಬಂತು. ಕೊಂಡಾಗ ಹತ್ತಕ್ಕೆ ಹೆಚ್ಚೆಂದರೆ 3.0, ಮಡಿಕೆ ಹೋಗಲೆಂದು ಬಿಸಿ ಮೆಷಿನ್‌ನಲ್ಲಿ ಒತ್ತಿದ ಮೇಲೆ ಈಗ 4.5! "ಟೀ ಶರ್ಟ್ ಮೇಲೆ ಚಿತ್ರ ಒತ್ತೋ ಮೆಷಿನ್‌ನಲ್ಲಿ ಎಪ್ಪತ್ತು ವರ್ಷದ ಪೇಪರ್ ಇಡ್ತೀಯಾ? ಹಪ್ಪಳ ಆಗುತ್ತೆ ನೋಡು" ಅಂತ ನಕ್ಕವರೇ ಈಗ ಪುಸ್ತಕ ಹಿಡಿದುಕೊಂಡು ನ್ಯೂಜೆರ್ಸಿಯ ನನ್ನ ಗ್ಯಾರೇಜಿಗೆ ಬರುತ್ತಿದ್ದಾರೆ.

ಒಳಗಿನ ಕಥೆಗಳು ನನಗೆ ಅಷ್ಟಕ್ಕಷ್ಟೆ. ದುಡ್ಡು ಕೊಡುವುದು ಮುಖಪುಟಕ್ಕೆ. ಹಾರ್ವೆಯ ಚಿತ್ರಕಾರ ಲೀ ಎಲಿಯಾಸ್ ಬಳಿಯುತ್ತಿದ್ದ ಆ ದಪ್ಪ ಕಪ್ಪಿನ ಪಕ್ಕದಲ್ಲಿ ಹಳದಿ ಹೇಗೆ ಕಿರುಚುತ್ತದೆ ಅನ್ನೋದು ಸ್ಕ್ಯಾನ್‌ನಲ್ಲಿ ಗೊತ್ತಾಗಲ್ಲ. ಇನ್ನೊಂದು ಕಂಪನಿಯ 'ಕ್ರೈಮ್ ಸಸ್ಪೆನ್‌ಸ್ಟೋರೀಸ್' 22ನೇ ಸಂಚಿಕೆಗೆ ಜಾನಿ ಕ್ರೇಗ್ ಬಿಡಿಸಿದ ಮುಖಪುಟ ಬಹಳ ಹೆಸರಾದದ್ದು, ಕೊಡಲಿ ಮತ್ತು ಕಡಿದ ತಲೆ. 1954ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿ ಮುಂದೆ ಅದೇ ಮುಖಪುಟ ಹಿಡಿದು ಇದು ಒಳ್ಳೇ ಅಭಿರುಚಿಯಾ ಅಂತ ಕೇಳಿದಾಗ ಅದರ ಪ್ರಕಾಶಕ ಗೇನ್ಸ್ ಹೌದು ಅಂದ, ತಲೆಯನ್ನು ಇನ್ನೂ ಮೇಲೆತ್ತಿ ಕತ್ತಿನ ರಕ್ತ ತೋರಿಸಿದ್ದರೆ ಆಗ ಕೆಟ್ಟ ಅಭಿರುಚಿ ಅಂದುಬಿಟ್ಟ. ಆ ವರ್ಷವೇ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮಾವಳಿ 'ಕಾಮಿಕ್ಸ್ ಕೋಡ್' ಬಂದು, ಹೆಸರಿನಲ್ಲಿ 'ಹಾರರ್', 'ಟೆರರ್' ಪದಗಳಿಗೂ ಜಾಗ ಇಲ್ಲದಂತಾಯಿತು. ಆದರೆ ಗೇನ್ಸ್ ಮಾತಿನಲ್ಲಿ ಒಂದು ಸತ್ಯ ಇದೆ. ಆ ಚಿತ್ರಗಳು ಎಲ್ಲವನ್ನೂ ತೋರಿಸಲ್ಲ. ಅಂಚಿನಾಚೆ ಏನಿದೆ ಅಂತ ನಾವೇ ಹೆದರಬೇಕು. ನನ್ನ 'ವಿಚಸ್ ಟೇಲ್ಸ್' ಪ್ರತಿಯಲ್ಲಿ ಮಡಿಕೆ ಸರಿಯಾಗಿ ಮುಖದ ಮೇಲೇ ಬಿದ್ದಿತ್ತು. ಬೆಳಕು ಓರೆಯಾದರೆ ದೆವ್ವಕ್ಕಿಂತ ಮೊದಲು ಮಡಿಕೆ ಕಾಣುತ್ತಿತ್ತು.

ಈಗ ಕಳೆದುಕೊಂಡಿದ್ದರ ಲೆಕ್ಕ. ಮೊದಲು ಐದು ಡಾಲರಿನ ಒಂದು ರೊಮ್ಯಾನ್ಸ್ ಕಾಮಿಕ್ ಮೇಲೆ ಮನೆಯ ಇಸ್ತ್ರಿಪೆಟ್ಟಿಗೆ ಇಟ್ಟೆ. ಹೊಳಪು ಹೋಗಿ ಹಾಳೆ ಅಲೆಅಲೆಯಾಯಿತು. ಆಮೇಲೆ ಮೆಷಿನ್ ತಂದೆ, ಸುಮಾರು 220 ಡಾಲರ್. ಶಾಖ 200 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು ಅಂತ ಕಾಣುತ್ತೆ, ಇನ್ನೊಂದು ಪುಸ್ತಕದ ಕೆಂಪು ಬಣ್ಣ, ಅಂಟಬಾರದು ಅಂತ ಮೇಲಿಟ್ಟ ಸಿಲಿಕೋನ್ ಪೇಪರಿಗೇ ಅಂಟಿಕೊಂಡಿತು. ಅರವತ್ತು ಡಾಲರ್ ಹೋಯಿತು. ಇನ್ನೊಂದನ್ನು ಒರೆಸದೆ ಒತ್ತಿದೆ. ಯಾರದ್ದೋ ಹಳೇ ಬೆರಳಚ್ಚು ಶಾಶ್ವತವಾಗಿ ಕೂತಿತು. ಹೊಟ್ಟೆ ಉರಿಸಿದ್ದು ನಾಲ್ಕನೆಯದು. ತೇವ ಜಾಸ್ತಿಯಾಗಿ ನಡುವಿನ ಹಾಳೆಗಳು ಉಬ್ಬಿ, ತುಕ್ಕು ಹಿಡಿದ ಪಿನ್ ಮುಖಪುಟವನ್ನೇ ಹರಿದುಕೊಂಡು ಬಂತು. ಅದಕ್ಕೆ 140 ಕೊಟ್ಟಿದ್ದೆ. "ಹೋದ ದುಡ್ಡೆಲ್ಲ ಸೇರಿಸಿದ್ದರೆ ಬೆಂಗಳೂರಿಗೆ ಅರ್ಧ ಟಿಕೆಟ್ ಬರ್ತಿತ್ತು ಕಣ್ರೀ" ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಕೊನೆಗೆ ಕೈಗೆ ಹತ್ತಿದ್ದು ಹೀಗೆ. ಮೊದಲು ಒಣ ಸ್ಪಂಜಿನಲ್ಲಿ ಒರೆಸು. ಆಮೇಲೆ ಮುಚ್ಚಳದ ಡಬ್ಬಿಯಲ್ಲಿ, ಡಿಸ್ಟಿಲ್ಡ್ ನೀರಿನ ಮೇಲೆ ಜಾಲರಿ ಇಟ್ಟು ಪುಸ್ತಕಕ್ಕೆ ಸ್ವಲ್ಪ ತೇವ ಕುಡಿಸು. ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡಿ, ಆ ನಿಮಿಷಗಳಿಗೆ ನಾನು ದುಡ್ಡು ಕೊಟ್ಟಿದ್ದೇನೆ. ಮೆಷಿನ್ ತೋರಿಸುವ ಅಂಕಿ ನಂಬದೆ ಬೇರೆ ಥರ್ಮಾಮೀಟರ್ ಇಡಿ. 150 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಹನ್ನೆರಡು ನಿಮಿಷ ಸಾಕು. ಸ್ವಿಚ್ ಆರಿಸಿ ಬೆಳಗಿನವರೆಗೆ ಒತ್ತಡದಲ್ಲೇ ಬಿಡಿ. ನಾನು ಎರಡು ವರ್ಷ ಸೋತಿದ್ದು ಇಲ್ಲೇ. ಬಿಸಿ ಇರುವಾಗಲೇ ತೆರೆದು ನೋಡುವ ಚಪಲ!

ಬಣ್ಣ ಒಡೆದ ಮಡಿಕೆ ಏನು ಮಾಡಿದರೂ ಹೋಗಲ್ಲ. ಅಲ್ಲಿ ಸ್ಕೆಚ್ ಪೆನ್ ಆಡಿಸಿದರೆ ಗ್ರೇಡಿಂಗ್‌ನವರಿಂದ 'ರಿಸ್ಟೋರ್ಡ್' (ತಿದ್ದಿದ್ದು) ಅಂತ ಮುದ್ರೆ ಬಿದ್ದು ಬೆಲೆ ಪಾತಾಳಕ್ಕೆ ಹೋಗುತ್ತದೆ.

ಮಧ್ಯೆ ಚಪಾತಿ ಹಿಟ್ಟನ್ನೂ ನೋಡಿದೆ. ಹಳಬರು ಬ್ರೆಡ್ಡಿನ ಬಿಳಿ ಭಾಗದಿಂದ ಕೊಳೆ ತೆಗೆಯುತ್ತಿದ್ದರಲ್ವಾ, ಅದೇ ಧೈರ್ಯ. ಎಣ್ಣೆ ಹಾಕದ ಗಟ್ಟಿ ಹಿಟ್ಟು ಹಿಂಬದಿಯ ಜಾಹೀರಾತನ್ನು ಚೆನ್ನಾಗಿಯೇ ಬೆಳ್ಳಗೆ ಮಾಡಿತು. ಆದರೆ ಪಿನ್ನಿನ ತೂತಿಗೆ ಸೇರಿದ ಪುಡಿ ತೆಗೆಯಲು ಒಂದು ಭಾನುವಾರ ಬೇಕಾಯಿತು, ಹುಳ ಬಂದೀತು ಅನ್ನೋ ಭಯ ಬೇರೆ. ವಾರನ್ ಕಂಪನಿಯ ಹಾರರ್ ಪತ್ರಿಕೆ 'ಕ್ರೀಪಿ' ಮೇಲೂ ಮೆಷಿನ್‌ನ ಇದೇ ಶಾಖ ಕೊಟ್ಟೆ. ಪುಸ್ತಕದ ಬೆನ್ನು ಸುರುಳಿ ಸುತ್ತಿಕೊಂಡಿದ್ದು ಅಲ್ಲಾಡಲಿಲ್ಲ. ಅದರ ಮುಖಪುಟ ಬಿಡಿಸಿದ ಫ್ರಜೆಟಾನ ಆ ಕಂದು ಕತ್ತಲಲ್ಲಿ ಒಂದೊಂದು ಗೀರೂ ಎದ್ದು ಕಾಣುತ್ತದೆ, ಅದಕ್ಕೆ ಸದ್ಯ ಕೈ ಹಾಕುತ್ತಿಲ್ಲ.

ಈಗ ಮೆಷಿನ್ ಒಳಗೆ ಗೆಳೆಯನ 'ಚೇಂಬರ್ ಆಫ್ ಚಿಲ್ಸ್' ಮಲಗಿದೆ. ಹಪ್ಪಳ ಅಂದವನೇ ಅವನು. ಸಂಜೆಯಿಂದ ಮೂರು ಸಲ ಫೋನ್ ಮಾಡಿದ. ಬೆಳಗ್ಗೆವರೆಗೆ ತೆರೆಯಲ್ಲ ಅಂದಿದ್ದೇನೆ.